ಮೂರು ನಿಮಿಷ ತಡವಾದ ಟ್ಯೂಬು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಟೆಕ್ನಿಷಿಯನ್. ಮನೆಯಲ್ಲಿ ದಿನಾ ಹಾಲು ಉಕ್ಕಿಸುತ್ತಾಳೆಂದು ಗಂಡ ಗೊಣಗುತ್ತಿದ್ದ. ಇಲ್ಲಿ ಮಾತ್ರ ಸೆಕೆಂಡು ತಪ್ಪಿದವಳಲ್ಲ. ನನಗೆ ಕೆಲಸ ಕಲಿಸಿದವಳೂ ಅವಳೇ, ಬೈದು ಬೈದು. ಎದುರಾಡುವುದರಲ್ಲಿ ನಾನೂ ಕಮ್ಮಿಯಿರಲಿಲ್ಲ ಬಿಡಿ.

ಆ ವಾರ ಐದು ತಿಂಗಳ ಹೆಣ್ಣುಮಗುವಿನ ರಕ್ತ ಬಂತು. ಹುಟ್ಟಿದಾಗಿನಿಂದ ಒಂದರ ಹಿಂದೊಂದು ಸೋಂಕು. ರೋಗದ ಜತೆ ಹೋರಾಡುವ ಟಿ ಕೋಶಗಳನ್ನು ಎಣಿಸಿದರೆ ಸಂಖ್ಯೆಗೇನೂ ಕೊರತೆಯಿಲ್ಲ. ಮತ್ತೆ ಯಾಕೆ ಸುಮ್ಮನೆ ಕೂತಿವೆ? ಹೊರಗೆ ವೈರಿ ತಾಗಿದ ಸುದ್ದಿಯನ್ನು ಕೋಶದೊಳಗಿನ ಪ್ರೋಟೀನುಗಳು ಒಂದರಿಂದ ಒಂದಕ್ಕೆ ದಾಟಿಸಬೇಕು. ಝ್ಯಾಪ್-70 ಎಂಬ ಪ್ರೋಟೀನು ಕೈಕೊಟ್ಟರೆ ಸುದ್ದಿ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿದ್ದರೆ ಮಗುವಿಗೆ ಅವಳ ಅಣ್ಣನ ಅಸ್ಥಿಮಜ್ಜೆ ಹಾಕಬೇಕು. ಅದಕ್ಕೂ ಮೊದಲು ಕೊಡುವ ಔಷಧಿಯೇ ಎಳೆಜೀವವನ್ನು ಹಿಂಡಿಬಿಡುತ್ತದೆ. ಇಲ್ಲದ ಕಾಯಿಲೆಗೆ ಅದನ್ನು ಕೊಟ್ಟರೆ ಏನು ಗತಿ?

ರಕ್ತಕ್ಕೆ ಟಿ ಕೋಶಗಳನ್ನು ಕೆಣಕುವ ದ್ರವ ಹಾಕಿ, ಸರಿಯಾಗಿ ಐದನೇ ನಿಮಿಷಕ್ಕೆ ಇನ್ನೊಂದು ದ್ರವ ಸುರಿದು ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸಬೇಕು. ಸುದ್ದಿ ದಾಟಿದ್ದರೆ ಕೋಶದೊಳಗೆ ಒಂದು ಗುರುತು ಮೂಡುತ್ತದೆ, ತಡವಾದರೆ ಅದು ಅಳಿಯತೊಡಗುತ್ತದೆ. ಹೋಲಿಕೆಗೆಂದು ಅಕ್ಕ ತನ್ನದೇ ರಕ್ತ ಇಟ್ಟಿದ್ದಳು. ಅದನ್ನು ಸರಿಯಾಗಿ ನಿಲ್ಲಿಸಿದಳು. ಮಗುವಿನ ಟ್ಯೂಬಿಗೆ ಇನ್ನೂ ಒಂದು ನಿಮಿಷವಿತ್ತು. ಅಷ್ಟರಲ್ಲಿ ಮಗುವಿನ ತಾಯಿ ಒಳಗೇ ನುಗ್ಗಿ, "ನನ್ನ ಮಗು ಬದುಕುತ್ತಾ ಅಕ್ಕಾ?" ಎಂದು ಅವಳ ಕೈ ಹಿಡಿದುಕೊಂಡುಬಿಟ್ಟಳು. ನಾನು ಪಕ್ಕದ ಕೋಣೆಯಲ್ಲಿದ್ದೆ.

ಸಂಜೆ ಯಂತ್ರದಲ್ಲಿ ನೋಡಿದರೆ ಅಕ್ಕನ ರಕ್ತದಲ್ಲಿ ಗುರುತು ಎದ್ದು ಕಾಣುತ್ತಿತ್ತು, ಮಗುವಿನದರಲ್ಲಿ ಏನೂ ಇಲ್ಲ. ಡಾಕ್ಟರದು ಫೋನ್ ಮೇಲೆ ಫೋನ್.

"ರಿಪೋರ್ಟ್ ಕಳಿಸಿಬಿಡ್ಲಾ?" ಎಂದೆ.

"ಬೇಡ ಕಣೇ. ಮಗುವಿನ ಟ್ಯೂಬು ಮೂರು ನಿಮಿಷ ತಡವಾಯ್ತು. ನನ್ನಿಂದ."

"ಯಾರೂ ನೋಡಿಲ್ವಲ್ಲಕ್ಕ! ಆ ಮಗೂಗೆ ನರ ಸಿಗೋದೇ ಕಷ್ಟ, ಮತ್ತೆ ಚುಚ್ಚಿಸ್ತೀಯಾ?"

"ಬಾಯ್ಮುಚ್ಚು. ಚುಚ್ಚಿದ ನೋವು ನಾಳೆಗೆ ಹೋಗುತ್ತೆ."

ಡಾಕ್ಟರು ಎಲ್ಲರೆದುರು ಹಿಗ್ಗಾಮುಗ್ಗಾ ಬೈದರು. ಅಕ್ಕ ಮತ್ತೆ ರಕ್ತ ಬೇಕೆಂದು ಚೀಟಿ ಬರೆದುಕೊಟ್ಟಳು. ನನಗೋ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಗ್ಗೆ ಮತ್ತೆ ಮಗುವಿನ ರಕ್ತ ಬಂತು. ಮೂರು ಕಡೆ ಚುಚ್ಚಿದ ಮೇಲೆ ಪಾದದಲ್ಲಿ ಸಿಕ್ಕಿತಂತೆ. ಈ ಸಲ ನಾನೇ ಚಿಲಕ ಹಾಕಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಟ್ಯೂಬುಗಳಿಗೆ ಐದೈದು ನಿಮಿಷ, ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ. ಮಧ್ಯಾಹ್ನ ಪರದೆಯ ಮುಂದೆ ಇಬ್ಬರೂ ಕೂತೆವು. ಅಕ್ಕನ ರಕ್ತದಲ್ಲಿ ಗುರುತು ಮೂಡಿತ್ತು. ಮಗುವಿನದರಲ್ಲಿ ನಿನ್ನೆಯಂತೆಯೇ ಏನೂ ಇರಲಿಲ್ಲ.

"ನೋಡಿದ್ಯಾ? ನಿನ್ನೆ ನಿನ್ನಿಂದ ಏನೂ ಕೆಟ್ಟಿರ್ಲಿಲ್ಲ!" ಎಂದೆ, ಗೆದ್ದವಳ ಹಾಗೆ.

ಅಕ್ಕ ಕುರ್ಚಿಯಲ್ಲೇ ಕುಸಿದಳು. "ರಾತ್ರಿಯೆಲ್ಲಾ ಬೇಡ್ಕೊಂಡೆ ಕಣೇ," ಎಂದು ಬಿಕ್ಕಿದಳು, "ತಪ್ಪು ನಂದೇ ಆಗಿರ್ಲಿ ಅಂತ."