ನನ್ನ ಮಣಿಕಟ್ಟು ಮುರಿದವನು ಆರಿಸಿದ ರೀಲು

ಸಣ್ಣ ಹಳ್ಳಗಳ ಫ್ಲೈ ಫಿಶಿಂಗಿಗೆ, ಗಾಳದ ದಾರ ಸುತ್ತಲು, ಯಾವ ರೀಲು ಕೊಳ್ಳಬೇಕೆಂದು ಯಾರಾದರೂ ನನ್ನ ಗಲ್ಲಾದ ಎದುರು ನಿಂತು ಕೇಳಿದರೆ, ಉತ್ತರ ಕೊಡುವ ಮೊದಲು ನಾನು ಬಲಗೈ ಚಾಚಿ ತೋರಿಸುತ್ತೇನೆ. ಮಣಿಕಟ್ಟಿನ ಒಳಮೈಯಲ್ಲಿ ಬೆರಳುದ್ದದ ಗಾಯದ ಗುರುತು. ಅದರಡಿ ಒಂದು ಲೋಹದ ಪಟ್ಟಿ, ಆರು ಸ್ಕ್ರೂ. ತಪ್ಪು ರೀಲು ಕೊಂಡದ್ದರ ರಸೀದಿ ಇದು. ಪುಕ್ಕಟೆ ಸಲಹೆಗೆ ಯಾರೂ ಬೆಲೆ ಕೊಡುವುದಿಲ್ಲ. ಗಾಯ ತೋರಿಸಿದರೆ ಕಿವಿ ಕೊಡುತ್ತಾರೆ.

ಡೊಂಬಿವಲಿಯಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲು. ಕೋಪರಿಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ ಮೇಲೆ ಬಂದವನು ನಾನು. ಪಾತ್ರೆ, ದೋಸೆ ಕಾವಲಿ, ಗ್ರೈಂಡರಿನ ಕಲ್ಲು, ಎಲ್ಲವನ್ನೂ ತೂಕ ನೋಡಿಯೇ ಕೊಂಡವನು. ನಮ್ಮ ಧಂಧೆಯಲ್ಲಿ ಹಗುರ ಅಂದರೆ ಮೋಸ, ಭಾರ ಅಂದರೆ ಬಾಳಿಕೆ. ಹಾಗಿರುವಾಗ ಘೋಡಬಂದರ್ ರಸ್ತೆಯ ಗಿರಾಕಿಯೊಬ್ಬರು, ಹಡಗಿನ ಕೆಲಸದಿಂದ ನಿವೃತ್ತರಾದವರು, ಮಗಳ ಮನೆಗೆ ಹೋಗುವ ಮುನ್ನ ತಮ್ಮ ಮೀನು ಹಿಡಿಯುವ ತೆಳು ರಾಡನ್ನು ನನಗೆ ಕೊಟ್ಟರು. "ಇದಕ್ಕೊಂದು ಹಗುರ ರೀಲು ಹಾಕಿಕೊಳ್ಳಿ" ಎಂದರು. ನಾನು ಅಂಗಡಿಗೆ ಹೋಗಿ ಇದ್ದುದರಲ್ಲಿ ಅತಿ ಭಾರದ್ದನ್ನು, ಸಮುದ್ರಕ್ಕೆ ಮಾಡಿದ್ದನ್ನು, ಅರ್ಧ ಬೆಲೆಗೆ ಕಿತ್ತು ತಂದೆ. ಮುನ್ನೂರು ಗ್ರಾಂ ಗಟ್ಟಿ ಲೋಹ ಆ ಬೆಲೆಗೆ! ಗೆದ್ದೆ ಅಂದುಕೊಂಡೆ.

ಈ ಮೀನುಗಾರಿಕೆ ಗೊತ್ತಿಲ್ಲದವರಿಗೆ ಒಂದು ಮಾತು. ಗಾಳಕ್ಕೆ ಕಟ್ಟುವುದು ಹುಳುವಿನಂತೆ ಕಾಣುವ ಒಂದು ಚೂರು ಪುಕ್ಕ. ಅದಕ್ಕೆ ತೂಕವೇ ಇಲ್ಲ. ದಪ್ಪ ದಾರವನ್ನೇ ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆಯಬೇಕು. ಬೆಳಗಿಂದ ಮಧ್ಯಾಹ್ನದವರೆಗೆ ಸಾವಿರ ಸಲ ಕೈ ಬೀಸುತ್ತೀರಿ, ಸಾವಿರ ಸಲವೂ ರೀಲು ಮುಷ್ಟಿಯ ಕೆಳಗೆ ನೇತಾಡುತ್ತದೆ. ಭಾರದ ರೀಲು ಮೀನನ್ನು ಹಿಡಿಯುವುದಿಲ್ಲ, ನಿಮ್ಮನ್ನು ಹಿಡಿಯುತ್ತದೆ. ಅಂಥ ರೀಲು ಒಂದೇ ಒಂದು ಕೆಲಸಕ್ಕೆ ಚೆನ್ನ. ಅದನ್ನು ನಾನು ದಸರಾ ಮುಗಿದ ಮರುವಾರ ಕಂಡುಕೊಂಡೆ.

ಕಲ್ಯಾಣದಿಂದ ಮುರಬಾಡ್ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ನನ್ನ ಹಳ್ಳ. ಭಾನುವಾರ ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಮೇಲಿನ ತಿರುವಿನಿಂದ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಬಂತು. ಮರುಕ್ಷಣ ಎರಡೂ ಮೊಣಕಾಲಿಗೆ ಯಾರೋ ಹಲ್ಲು ಹಾಕಿ ಕಚ್ಚಿದಂತಾಯಿತು. ಬಿದ್ದೆ. ಎದ್ದು ನೋಡಿದರೆ ನೀರಿನ ಮೇಲೆ ಬಿಳಿ ಹೊಟ್ಟೆಗಳು ತೇಲಿ ಬರುತ್ತಿದ್ದವು. ಬೆರಳಿನಷ್ಟು ಮರಿಗಳು, ಬೆನ್ನು ಮುರಿದು ಬಿಲ್ಲಿನಂತೆ ಬಾಗಿದ ದೊಡ್ಡವು, ಬಾಯಿ ತೆರೆದು ಮುಚ್ಚುತ್ತಿದ್ದ ಒಂದು ಕೊರವ ಮೀನು. ತಿರುವಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಆಸಾಮಿ. ಬೆನ್ನ ಚೀಲದಲ್ಲಿ ಬ್ಯಾಟರಿ, ಎರಡೂ ಕೈಯಲ್ಲಿ ವೈರು ಸುತ್ತಿದ ಬಿದಿರು. ನೀರಿಗೆ ಕರೆಂಟು ಹಾಯಿಸಿ ಮೀನು ಕೊಲ್ಲುತ್ತಿದ್ದ.

"ಏ, ಬಂದ್ ಕರ್! ಮಾರೇಗಾ ಕ್ಯಾ?" ನಿಲ್ಲಿಸು, ಸಾಯಿಸುತ್ತೀಯಾ ಎಂದು ಹಿಂದಿಯಲ್ಲಿ ಕೂಗಿದೆ.

"ತೇರೇ ಬಾಪ್ ಕಾ ನಾಲಾ ಹೈ ಕ್ಯಾ?" ಹಳ್ಳ ನಿನ್ನಪ್ಪನದಾ ಎಂದು ಅವನೂ ಹಿಂದಿಯಲ್ಲೇ ಕೇಳಿ, ಮತ್ತೊಮ್ಮೆ ಬಿದಿರು ಅದ್ದಿದ.

ಎರಡನೆಯ ಸಲ ಕಚ್ಚಿಸಿಕೊಂಡ ಮೇಲೆ ನನಗೆ ನೆನಪಿರುವುದು ಸ್ವಲ್ಪವೇ. ಕಲ್ಲು ಹತ್ತಿ ಅವನ ಬಳಿಗೆ ಹೋದೆ. ರಾಡನ್ನು ತಿರುಗಿಸಿ ಹಿಡಿದು, ರೀಲಿನ ಕಡೆಯಿಂದ ಅವನ ಮುಖಕ್ಕೆ ಬೀಸಿದೆ. ಹುಬ್ಬು ತೆಂಗಿನಕಾಯಿಯಂತೆ ಬಿರಿಯಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆಯೇ ಅವನು ಬಿದಿರೆತ್ತಿ ಇಳಿಸಿದ. ನನ್ನ ಮಣಿಕಟ್ಟಿನಿಂದ ಹಸಿ ಸೌದೆ ಮುರಿದ ಸದ್ದು ಬಂತು. ಕೈ ನನ್ನದಲ್ಲ ಎಂಬಂತೆ ಪಕ್ಕಕ್ಕೆ ತಿರುಗಿ ನೇತಾಡಿತು.

"ಅಯ್ಯಯ್ಯೋ, ಕೈ ಹೋಯ್ತು!" ಎಂದು ಕೂಗಿದೆ.

ಎರಡನೆಯ ಏಟಿಗೆ ಎತ್ತಿದ್ದ ಬಿದಿರು ಅಲ್ಲೇ ನಿಂತಿತು. "ಕನ್ನಡದವ್ರೇನ್ರಿ?" ಎಂದ, ಒಂದೇ ಕಣ್ಣಲ್ಲಿ ನೋಡುತ್ತ. "ಮೊದ್ಲ ಕನ್ನಡದಾಗ ಬೈಬಾರ್ದೇನ್ರಿ? ಒಂದಿಷ್ಟು ಮೆತ್ತಗ ಹೊಡೀತಿದ್ದೆ."

ಅದೇ ಬಿದಿರನ್ನು ಕಲ್ಲಿನಿಂದ ಸೀಳಿ, ತನ್ನ ಅಂಗಿ ಹರಿದು ನನ್ನ ಕೈಗೆ ಕಟ್ಟಿದ. ಅವನ ಬೈಕಿನಲ್ಲೇ ಕಲ್ಯಾಣದ ಆಸ್ಪತ್ರೆಗೆ ಬಂದೆವು. ದಾರಿಯಲ್ಲಿ ಗುಂಡಿ ಸಿಕ್ಕಿದಾಗಲೆಲ್ಲ ನಾನು ಅವನ ತಾಯಿತಂದೆಯರನ್ನು ನೆನೆದೆ. ಇಬ್ಬರೂ ಕಲ್ಲಿನ ಮೇಲೆ ಜಾರಿದೆವು ಎಂದು ಡಾಕ್ಟರಿಗೆ ಹೇಳಿದೆವು. ಅವರು ಅವನ ಹುಬ್ಬು ನೋಡಿದರು, ನನ್ನ ಕೈ ನೋಡಿದರು. "ದೋನೋ? ಏಕ್ ಹೀ ಪತ್ಥರ್ ಪೇ?" ಇಬ್ಬರಿಗೂ ಒಂದೇ ಕಲ್ಲೇ ಎಂದು ಅವರ ಪ್ರಶ್ನೆ.

ಪೊಲೀಸಿಗೆ ಹೋಗಬೇಕೆಂದು ಹೆಂಡತಿ ಹಟ ಹಿಡಿದಳು. ನಾನು ಹೋಗಲಿಲ್ಲ. ಮೊದಲು ಹೊಡೆದವನು ನಾನು. ಅಲ್ಲದೆ ಠಾಣೆಯಲ್ಲಿ ಚೌಕಾಸಿ ಮಾಡಿದರೆ ಮೂರನೆಯವನಿಗೆ ಲಾಭ. ಅವನು ವಿಜಯಪುರ ಕಡೆಯವನು, ಠಾಕುರ್ಲಿಯಲ್ಲಿ ಮನೆ, ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಲೋಹ ತಿರುಗಿಸಿ ಕಡೆಯುವ ಲೇತ್ ಮಷೀನಿನ ಕೆಲಸ. ಲೇತ್ ಎಂದು ಕೇಳಿದ್ದೇ ನನ್ನ ತಲೆ ಓಡಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಎರಡು ಷರತ್ತು ಹಾಕಿದೆ. ಒಂದು, ಆ ಬ್ಯಾಟರಿ ಪೆಟ್ಟಿಗೆ ನನ್ನ ಕಣ್ಣೆದುರು ಒಡೆಯಬೇಕು. ಎರಡು, ಮುರಿದ ಕೈಯಲ್ಲಿ ಹಿಡಿಯುವಂಥ ರೀಲನ್ನು ಅವನೇ ಹುಡುಕಿಕೊಡಬೇಕು.

"ಮೀನಿನ ಗಾಲಿ ನನಗೇನ್ ಗೊತ್ತ್ರಿ?" ಎಂದ.

"ತಿರುಗುವ ಸಾಮಾನು ಗೊತ್ತುಂಟಲ್ಲ, ಸಾಕು."

ಬ್ಯಾಟರಿಯನ್ನು ಸುತ್ತಿಗೆಯಿಂದ ಅವನೇ ಒಡೆದ. ಒಡೆಯುವಾಗ ಅವನ ಮುಖದಲ್ಲಿ ಕಂಡ ಸಿಟ್ಟು ಬ್ಯಾಟರಿಯ ಮೇಲೋ ನನ್ನ ಮೇಲೋ ನಾನು ಕೇಳಲಿಲ್ಲ.

ಮೂಳೆ ಕೂಡಿತು. ನರ ಕೂಡಲಿಲ್ಲ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮರದಂತಾಗಿದ್ದವು. ಚಹಾದ ಗ್ಲಾಸು ಹಿಡಿದಿದ್ದಂತೆಯೇ ಬೆರಳು ತಾವಾಗಿ ಬಿಚ್ಚಿಕೊಂಡು ಗ್ಲಾಸು ನೆಲಕ್ಕೆ ಬೀಳುತ್ತಿತ್ತು. ಗಿರಾಕಿಗಳೆದುರು ಹೀಗೆ ಎರಡು ಸಲ ಆಯಿತು. ನರ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ದಿನಾ ಸಂಜೆ ಹೆಂಡತಿ ನನ್ನ ಹೆಬ್ಬೆರಳಿಗೆ ಉಗುರು ಊರಿ ಕೇಳುತ್ತಿದ್ದಳು: "ಗೊತ್ತಾಗ್ತದಾ?" ನಾನು ಇಲ್ಲ ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವಾಕೆಯನ್ನು, ರಾಡು ಹಿಡಿಯಬಹುದೇ ಎಂದು ಕೇಳಿದೆ. "ಮುಷ್ಟಿಯ ಕೆಳಗೆ ನೇತಾಡುವ ಸಾಮಾನು ನೂರೈವತ್ತು ಗ್ರಾಂ ದಾಟಬಾರದು" ಎಂದಳು. ಆ ಕೈ ಇನ್ನು ರಾಡು ಹಿಡಿಯುತ್ತದೋ, ಬರೀ ಸಹಿ ಹಾಕಲು ಉಳಿಯುತ್ತದೋ, ಅದೊಂದೇ ಪ್ರಶ್ನೆ.

ಥಾಣೆ ಪೇಟೆಯ ಗಾಳದ ಸಾಮಾನಿನ ಅಂಗಡಿಗೆ ನಾನೂ ಅವನೂ ಶಟರ್ ಎತ್ತುವ ಹೊತ್ತಿಗೇ ಹೋದೆವು. ನೀವೂ ಹಾಗೇ ಹೋಗಿ. ದಿನದ ಮೊದಲ ಗಿರಾಕಿಯನ್ನು, ಬೋಣಿಯ ಗಿರಾಕಿಯನ್ನು, ಯಾವ ಅಂಗಡಿಯವನೂ ಬರಿಗೈಯಲ್ಲಿ ಕಳಿಸಲಾರ. ಹೋಟೆಲಿನಿಂದ ಏಲಕ್ಕಿ ತೂಗುವ ಸಣ್ಣ ತಕ್ಕಡಿಯನ್ನೂ ಚೀಲದಲ್ಲಿ ಒಯ್ದಿದ್ದೆ, ಏಕೆಂದರೆ ಡಬ್ಬಿಯ ಮೇಲೆ ಬರೆದ ತೂಕವನ್ನು ನಂಬಬಾರದು.

ಮೊದಲನೆಯದು ಎಪ್ಪತ್ತೆಂಟು ಗ್ರಾಂ, ಪ್ಲಾಸ್ಟಿಕ್ಕು. ಅವನು ಎರಡು ಬೆರಳಲ್ಲಿ ಒತ್ತಿದ. ಚೌಕಟ್ಟು ಬಾಗಿ, ದಾರ ಸುತ್ತುವ ಗಾಲಿಯ, ಅಂದರೆ ಸ್ಪೂಲಿನ, ಪಕ್ಕದಲ್ಲಿ ಸಂದು ತೆರೆಯಿತು. "ದಾರ ಇದರಾಗ ಹೊಕ್ಕಂಡ್ರ ಮುಗೀತ್ರಿ." ಎರಡನೆಯದು ತೊಂಬತ್ತೆಂಟು, ಥಳಥಳ ಹೊಳೆಯುತ್ತಿತ್ತು. ಬ್ರೇಕು ಒಳಗೆಲ್ಲೋ ಮುಚ್ಚಿದ ಡಬ್ಬಿಯಲ್ಲಿತ್ತು. ದಾರ ಮೆಲ್ಲಗೆ ಎಳೆದರೆ ಮೊದಲು ಬಿಗಿಹಿಡಿದು, ಆಮೇಲೆ ಧಡಕ್ಕನೆ ಬಿಡುತ್ತಿತ್ತು. ಹಳ್ಳದ ತೆಳು ದಾರ ಆ ಒಂದು ಧಡಕ್ಕಿಗೇ ತುಂಡಾಗುತ್ತದೆ. "ಬಿಚ್ಚಾಕ ಬರಂಗಿಲ್ಲ ಅಂದ್ರ ರಿಪೇರೀನೂ ಬರಂಗಿಲ್ಲ" ಎಂದ. ಮೂರನೆಯದು ಹಳೆಯ ಮಾದರಿ, ನೂರ ಮೂವತ್ತೆರಡು ಗ್ರಾಂ. ಒಳಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ತಾಗುವ ಸಣ್ಣ ನಾಲಿಗೆ, ಒಂದು ಸ್ಪ್ರಿಂಗು, ಅಷ್ಟೇ. ತಿರುಗಿಸಿದರೆ ಕಿರ್ರೆನ್ನುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದ, ಸ್ಪೂಲನ್ನು ಪಕ್ಕಕ್ಕೆ ಜಗ್ಗಿ ಆಟ ಎಷ್ಟಿದೆ ನೋಡಿದ. ಆಮೇಲೆ ಎದೆಯೆತ್ತರಕ್ಕೆ ಎತ್ತಿ, ಟೈಲ್ಸಿನ ಮೇಲೆ ಫಟ್ಟೆಂದು ಎಸೆದ.

ಅಂಗಡಿಯವನು ಕೌಂಟರ್ ದಾಟಿ ಬಂದು ಅವನ ಕಾಲರ್ ಹಿಡಿದ. ಕತ್ತು ಬಿಗಿಯಿತು. ಇವನು ಅಂಗಡಿಯವನ ಮಣಿಕಟ್ಟು ಹಿಡಿದು ನಿಧಾನವಾಗಿ ಹೊರಳಿಸತೊಡಗಿದ. ಹಸಿ ಸೌದೆಯ ಸದ್ದು ನನ್ನ ಕಿವಿಯಲ್ಲಿ ಮತ್ತೆ ಎದ್ದಿತು.

"ಬಿಡೋ! ಒಂದು ಕೈ ಸಾಲದಾ ನಿನಗೆ?"

ಬಿಟ್ಟ. ನಾನು ಬಗ್ಗಿ ರೀಲೆತ್ತಿ ತಿರುಗಿಸಿದೆ. ಅಂಚಿಗೆ ಒಂದು ಗೀರು ಬಿದ್ದಿತ್ತು, ತಿರುಗುವುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸೇಠ್, ಬಿದ್ದ ಮಾಲಿಗೆ ಪೂರಾ ರೇಟು ಹೇಗೆ ಕೊಡೋದು?" ಎಂದು ಹಿಂದಿಯಲ್ಲಿ ಕೇಳಿದೆ.

"ಗಿರಾಯಾ ಕೌನ್? ತೇರಾ ಆದ್ಮೀ!" ಬೀಳಿಸಿದ್ದು ನಿನ್ನ ಮನುಷ್ಯನೇ ಎಂದು ಅವನ ವಾದ.

"ಮೇರಾ ಆದ್ಮೀ ನಹೀಂ ಹೈ. ಇಸೀನೇ ಮೇರಾ ಹಾಥ್ ತೋಡಾ." ನನ್ನವನಲ್ಲ, ನನ್ನ ಕೈ ಮುರಿದವನೇ ಇವನು ಎಂದು ಗಾಯ ತೋರಿಸಿದೆ. ಅಂಗಡಿಯವನು ಗಾಯ ನೋಡಿದ, ತನ್ನ ಮಣಿಕಟ್ಟು ಉಜ್ಜಿಕೊಂಡ, ಇವನ ಹುಬ್ಬಿನ ಹೊಲಿಗೆಯ ಗುರುತು ನೋಡಿದ. ನಾನು ಹೇಳಿದ ಬೆಲೆಗೆ ಕೊಟ್ಟು, ಇಬ್ಬರೂ ಮತ್ತೆ ಮುಖ ತೋರಿಸಬೇಡಿ ಎಂದ. ನ್ಯಾಯವೇ ಎಂದು ನನ್ನನ್ನು ಕೇಳಬೇಡಿ. ಚೌಕಾಸಿಯ ಬಗ್ಗೆ ಮಾತ್ರ ಕೇಳಿ.

ದಾರ ಸುತ್ತಿದರೆ ಮೂವತ್ತು ಗ್ರಾಂ ಕೂಡುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ. ಹಾಗಾಗಿ ಅವನು ಕಾರ್ಖಾನೆಯಲ್ಲಿ ಸ್ಪೂಲಿನ ಎರಡೂ ಕೆನ್ನೆಗೆ ಡ್ರಿಲ್ಲು ಹಾಕಿ ತೂತು ಕೊರೆದ. ಲೋಹ ಕಿರುಚುತ್ತ ಸುರುಳಿಸುರುಳಿಯಾಗಿ ಹಾರಿತು. ಕೊನೆಯ ತೂತಿನಲ್ಲಿ ಡ್ರಿಲ್ಲು ಕಚ್ಚಿಕೊಂಡು ಸ್ಪೂಲು ಅವನ ಕೈಯಲ್ಲೇ ಗರ್ರನೆ ತಿರುಗಿ, ಅಂಗೈ ಸೀಳಿತು. ರಕ್ತವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡು, ಪ್ರತಿ ತೂತಿನ ಅಂಚನ್ನೂ ದಾರ ಕೊಯ್ಯದಂತೆ ಉಜ್ಜಿ ನುಣುಪು ಮಾಡಿದ. ತೂಗಿದೆ. ನೂರ ಹದಿನಾಲ್ಕು. ದಾರ ಸೇರಿ ನೂರ ನಲವತ್ನಾಲ್ಕು.

ಫೆಬ್ರವರಿಯಲ್ಲಿ ಅದೇ ಹಳ್ಳಕ್ಕೆ ಹೋದೆವು. ಕೆಳಗೆ ಒಂದು ಆಳದ ಗುಂಡಿಯಲ್ಲಿ ಇನ್ನೂ ನೀರಿತ್ತು. ನನ್ನ ರಾಡು ಮುಟ್ಟಿದರೆ ಇನ್ನೊಂದು ಹುಬ್ಬೂ ಸೀಳುತ್ತೇನೆ ಎಂದು ಅವನಿಗೆ ಮೊದಲೇ ಹೇಳಿದ್ದೆ. ಹತ್ತು ಸಲ ಬೀಸಿದೆ, ಬೆರಳು ಹಿಡಿದವು. ಇಪ್ಪತ್ತು ಸಲ. ಇಪ್ಪತ್ತೈದರ ಆಸುಪಾಸಿನಲ್ಲಿ ನೀರು ಒಡೆಯಿತು.

ಮಹಶೀರ್ ಮೀನು. ಮೊಣಕೈ ಉದ್ದವಿರಬೇಕು. ಪುಕ್ಕವನ್ನು ಕಚ್ಚಿ ಬಂಡೆಯ ಕಡೆಗೆ ಬಾಣದಂತೆ ಹೋಯಿತು. ರೀಲು ಚೀರಿತು. ಎಡಗೈಯಿಂದ ಸ್ಪೂಲಿನ ಅಂಚು ಒತ್ತಿ ತಡೆಯಲು ಹೋದೆ, ತಿರುಗುತ್ತಿದ್ದ ಹಿಡಿ ಬೆರಳ ತುದಿಗಳಿಗೆ ಬಡಿದು ಎರಡು ಉಗುರು ಎದ್ದವು. ಅಷ್ಟರಲ್ಲಿ ಬಲಗೈಯ ಬೆರಳುಗಳು, ಚಹಾದ ಗ್ಲಾಸು ಬಿಟ್ಟಂತೆಯೇ, ಒಂದೊಂದಾಗಿ ಬಿಚ್ಚತೊಡಗಿದವು. ರಾಡನ್ನು ಎದೆಗೆ ಅವುಚಿಕೊಂಡೆ. ರೀಲಿನ ಹಿಡಿ ನನ್ನ ಎದೆಮೂಳೆಗೆ ಸುತ್ತಿಗೆಯಂತೆ ಬಡಿಯಿತು. ಆದರೆ ರೀಲು ತೊಡರಲಿಲ್ಲ, ಅದು ಒಂದು ಕ್ಷಣವೂ ತೊಡರಲಿಲ್ಲ.

"ನನ್ನ ಕೈಯಾಗ ಕೊಡ್ರಿ!"

"ಇಲ್ಲ!"

"ಬೀಳಾಕತ್ತೈತ್ರೀ ಮಾಲಕ್ರ!"

ರಾಡು ಜಾರುತ್ತಿತ್ತು. ಕೊಟ್ಟರೆ ಮೀನು ಸಿಗುತ್ತದೆ, ಕೈ ಹೋಗುತ್ತದೆ. ಹಾಗೆಂದು ನನಗೆ ಆಗ ಅನ್ನಿಸಿತು. "ಕೈ ಹಿಡಿಯೋ, ರಾಡಲ್ಲ! ನನ್ನ ಕೈ!" ಎಂದು ಕಿರುಚಿದೆ.

ನೀರಿಗೆ ಹಾರಿ ಬಂದ. ತಾನು ಮುರಿದ ಮಣಿಕಟ್ಟನ್ನೇ ಒಂದು ಮುಷ್ಟಿಯಲ್ಲಿ ಹಿಡಿದು, ಇನ್ನೊಂದರಿಂದ ನನ್ನ ಬೆರಳುಗಳನ್ನು ರಾಡಿನ ಸುತ್ತ ಒತ್ತಿದ. ಲೋಹದ ಪಟ್ಟಿ ಮೂಳೆಗೆ ಕಚ್ಚಿತು. ನಾನು ಅವನ ಮನೆತನವನ್ನೆಲ್ಲ ಬೈದೆ, ಈ ಸಲ ಕನ್ನಡದಲ್ಲಿ. ಅವನು ಬಿಡಲಿಲ್ಲ. ರಕ್ತ ಸೋರುವ ಎಡಗೈಯಲ್ಲಿ ನಾನು ದಾರ ಸುತ್ತಿದೆ, ಮೀನು ಎಳೆಯಿತು, ಮತ್ತೆ ಸುತ್ತಿದೆ.

ಮೀನು ಕಾಲ ಬುಡಕ್ಕೆ ಬಂದಾಗ ಅವನು ಅಭ್ಯಾಸಬಲದಿಂದ ಕಲ್ಲೆತ್ತಿದ. ನಾನು ನೋಡಿದೆ. ಕಲ್ಲನ್ನು ನೀರಿಗೇ ಹಾಕಿದ. ಗಾಳ ಬಿಡಿಸಿದೆವು. ಮೀನು ಬಾಲದಿಂದ ಅವನ ಮುಖಕ್ಕೆ ರಪ್ಪನೆ ಬಾರಿಸಿ ಹೋಯಿತು.

"ಇದೂ ನಿಮ್ಮಂಗ, ಮುಖಕ್ಕಽ ಹೊಡೀತೈತಿ" ಎಂದ.

ಸಂಜೆ ಹೆಂಡತಿ ನನ್ನ ಮಣಿಕಟ್ಟು ನೋಡಿದಳು. ಅವನ ನಾಲ್ಕು ಬೆರಳು ನೀಲಿಯಾಗಿ ಮೂಡಿದ್ದವು.

"ಪುನಃ ಅದೇ ಜನವಾ?"

"ಅವನೇ."

"ಈ ಸಲ ಎಂತಕ್ಕೆ ಮಾರಾಯ್ರೆ?"

"ನಾನೇ ಹಿಡಿ ಅಂದೆ."

ಅವಳು, ದಿನದಂತೆ, ನನ್ನ ಹೆಬ್ಬೆರಳಿಗೆ ಉಗುರು ಊರಿದಳು. ತುಂಬ ದೂರದಲ್ಲಿ, ಬಟ್ಟೆಯ ಆಚೆ ಇರುವೆ ಹರಿದಷ್ಟು, ಏನೋ ಒಂದು ಅಲುಗಿತು.

"ಇನ್ನೂ ಒತ್ತು" ಎಂದೆ.

ರಕ್ತ ಬರುವ ತನಕ ಒತ್ತಿದಳು.