ಮುಗದದ ಹಳ್ಳದ ಬಲದಂಡೆ

ನಿಮ್ಮ ಪ್ರಬಂಧದ ಪರೀಕ್ಷಕರನ್ನು ನಾನು ಬೇಕೆಂದೇ ಹಳ್ಳದ ತಪ್ಪು ದಂಡೆಗೆ ಕರೆದೊಯ್ದೆ, ಶಮೀಮ್. ಗಡಿಬಿಡಿಯಲ್ಲಿ ಜಾಗ ತಪ್ಪಿತೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ — ಸುಳ್ಳು. ಕಣ್ಣು ಕಟ್ಟಿ ಬಿಟ್ಟರೂ ಧಾರವಾಡದ ಹತ್ತಿರದ ಮುಗದದ ಆ ಒಣಹಳ್ಳದ ದಾರಿ ನಾನು ತಪ್ಪುವವನಲ್ಲ.

ಆಗ ನೀವು ನಮ್ಮ ಭೂವಿಜ್ಞಾನ ವಿಭಾಗದ ಸಂಶೋಧಕಿ, ನಾನು ಹಿರಿಯ ಪ್ರಾಧ್ಯಾಪಕ. ಎಂಥ ಪ್ರಾಧ್ಯಾಪಕ! ವರ್ಷವರ್ಷವೂ ಹುಡುಗರನ್ನು ಅಲ್ಲಿಗೆ ಒಯ್ದು, ರಸ್ತೆಯ ಮೇಲೇ ನಿಂತು, ಈಗಿನ ಮಳೆಯೇ ಈ ಹಳ್ಳವನ್ನು ಇಷ್ಟಿಷ್ಟೇ ಕೊರೆಯಿತು ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ. ಒಮ್ಮೆಯೂ ಕೆಳಗಿಳಿಯಲಿಲ್ಲ. ಬೂಟು ಧೂಳಾಗುತ್ತದಲ್ಲ!

ನೀವು ಇಳಿದಿರಿ. ಮಣ್ಣಿನ ಚೀಲಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಬಿಚ್ಚಿದಿರಿ. “ಹಿಮಾ ಇಲ್ಲಿ ಬಿದ್ದಿಲ್ರಿ ಸರ. ಹಿಮಯುಗದ ಕಾಲಕ್ಕ ದೂರ ಉತ್ತರದಾಗ ಹಿಮಾ ಬೆಳದಾಗ ಇಲ್ಲಿ ಮಳಿ ಸೊರಗಿತ್ರಿ. ಹುಲ್ಲು ಸತ್ತು ಗುಡ್ಡದ ಮಣ್ಣು ಸಡಲಾತು. ಆಮ್ಯಾಲ ಮಳಿ ತಿರಗಿ ಬಂತು ನೋಡ್ರಿ — ಹುಲ್ಲು ಬೇರು ಬಿಡೂದರಾಗ ಹಳ್ಳಾ ಕೊರದು ಹೋತು.”

ಬಲದಂಡೆಯ ತಳದಲ್ಲಿ ಒಣಕಾಲದ ಸುಣ್ಣದ ಹರಳು, ಅದರ ಮೇಲೆ ಮೊದಲ ಮಳೆಗಳು ಹೊತ್ತು ತಂದ ಒರಟು ಗರಸುಕಲ್ಲು, ಹುಲ್ಲು ಹಿಡಿದ ಮೇಲೆ ಕೂತ ನುಣ್ಣನೆಯ ಕರಿಮಣ್ಣು. ಅದರ ಮೇಲೆ ಮತ್ತೊಮ್ಮೆ ಅದೇ ಕ್ರಮ. ಚೀಲ ನೋಡಿದೊಡನೆ ನನಗೆ ತಿಳಿಯಿತು — ನೀವು ಹೇಳಿದ್ದು ಖರೆ, ನಾನು ಜೀವನವಿಡೀ ಕಲಿಸಿದ್ದು ಬೊಗಳೆ. ಹೊಟ್ಟೆ ಉರಿಯಿತು. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನಲ್ಲಿ ಇರಲಿಲ್ಲ.

ಪರೀಕ್ಷಕರು ಬರುವ ದಿನ ನೀವು ನಸುಕಿನಲ್ಲೇ ಹೋಗಿ, ಪದರಗಳ ಬಣ್ಣ ಎದ್ದು ಕಾಣಲೆಂದು ಬಲದಂಡೆಯನ್ನು ಕುರುಪಿಯಿಂದ ಹೆರೆದು ಕಾಯುತ್ತಿದ್ದಿರಿ. ನಾನೋ, ರಸ್ತೆಗೆ ಹತ್ತಿದ ಎಡದಂಡೆಯ ಬಳಿಯೇ ಕಾರು ನಿಲ್ಲಿಸಿದೆ. ಅದು ಎಂದೋ ಕುಸಿದು ಬಿದ್ದ ದಂಡೆ. ಅಲ್ಲಿ ಪದರಗಳೆಲ್ಲ ಕಲಸಿ ಹೋಗಿವೆ. ಕುಸಿದ ದಂಡೆಯನ್ನು ಓದಬಾರದೆಂಬುದು ಮೊದಲ ವರ್ಷದ ಪಾಠ.

“ಇದ ನೋಡ್ರಿ ಆಕಿ ಪುರಾವಿ,” ಎಂದೆ. “ಧಾರವಾಡದಾಗ ಯಾವಾಗ ಹಿಮಾ ಬಿದ್ದಿತ್ರಿ?”

ಆ ಪಂಡಿತೋತ್ತಮರು ಹೊಟ್ಟೆ ಹಿಡಿದು ನಕ್ಕರು. ಇನ್ನೊಂದು ದಂಡೆ ಇದೆಯೇ ಎಂದು ಒಬ್ಬನಾದರೂ ಕೇಳಬೇಕಲ್ಲ — ಊಹೂಂ! ಕಾರಿನಲ್ಲಿ ಕೂತು ಗಿರಮಿಟ್ಟಿನ ಪೊಟ್ಟಣ ಬಿಚ್ಚಿದರು. ಆಗ ಕೆಳಗಿನಿಂದ ನಿಮ್ಮ ದನಿ ಬಂತು: “ಸರ, ಕೆಳಗ ಬರ್ರಿ! ಇಲ್ಲೈತ್ರಿ!”

ನಾನು ಕಾರಿನ ಗಾಜು ಏರಿಸಿದೆ.

ನಿಮ್ಮ ಪ್ರಬಂಧ ತಿರಸ್ಕೃತವಾಯಿತು. ನೀವು ದೇಶಪಾಂಡೆ ನಗರದಲ್ಲಿ ಅಣ್ಣನ ಟೈಲ್ಸ್ ಅಂಗಡಿಗೆ ಹೋಗಿ ಕೂತಿರಿ. ನನಗೆ ಶಾಲು, ಹಣ್ಣಿನ ಬುಟ್ಟಿ, ಸನ್ಮಾನ. ಮುಂದೆ ಬೇರೆ ಕಡೆಯ ಸಂಶೋಧಕರೂ ನಿಮ್ಮಂತೆಯೇ ಹೇಳತೊಡಗಿದಾಗ, ನಾನು ಮೊದಲಿನಿಂದಲೂ ಹೀಗೆಯೇ ಹೇಳುತ್ತಿದ್ದೆ ಎಂದೆ. ಥೂ, ನನ್ನ ಬಾಳಿಗಿಷ್ಟು ಬೆಂಕಿ ಹಾಕ.

ಹೋದ ತಿಂಗಳು ನಿಮ್ಮ ಅಂಗಡಿಗೆ ಬಂದು ಎಲ್ಲ ಒಪ್ಪಿಕೊಂಡೆ. ನೀವು ಅಳಲಿಲ್ಲ, ಬಯ್ಯಲಿಲ್ಲ. “ಬಲದಂಡಿಗೆ ಇಳದು ನೋಡೀರೇನ್ರಿ ಸರ?” ಎಂದಿರಿ. ನಾನು ನನ್ನ ಬೂಟು ನೋಡಿಕೊಂಡೆ. “ಹಂಗಾರ ಇನ್ನೂ ಇಳದಿಲ್ಲ ನೀವು,” ಎಂದು ಗಿರಾಕಿಯತ್ತ ತಿರುಗಿದಿರಿ.

ವಿಶ್ವವಿದ್ಯಾಲಯಕ್ಕೆ ಇದನ್ನೆಲ್ಲ ನನ್ನ ಹೆಸರು ಹಾಕಿಯೇ ಬರೆದುಕೊಟ್ಟಿದ್ದೇನೆ. ಅದರಿಂದ ನಿಮಗೆ ಆ ವರ್ಷಗಳು ಮರಳಿ ಬರುವುದಿಲ್ಲ.

ಇವತ್ತು ಕೋಲೂರಿಕೊಂಡು ಇಳಿದೆ. ದಂಡೆ ಹೆರೆದೆ. ಹರಳು, ಗರಸು, ಕರಿಮಣ್ಣು — ನೀವು ಹೇಳಿದ ಕ್ರಮದಲ್ಲೇ ಇವೆ. ದಣಿವಾರಿಸಿಕೊಳ್ಳಲು ಕೂತು ಮೇಲೆ ನೋಡಿದೆ. ರಸ್ತೆಯಲ್ಲಿ ಯಾರದೋ ಕಾರು ನಿಂತಿತ್ತು.

ಶಮೀಮ್, ಅಂದು ನೀವು ನಿಂತಿದ್ದ ಆ ಜಾಗದಿಂದ ಕಾರಿನಲ್ಲಿ ಕೂತವರ ಮುಖ ಕಾಣುತ್ತದೆ. ಗಾಜು ಏರಿಸುವ ಕೈಯೂ ಕಾಣುತ್ತದೆ.