ಸೀರೆ ಹೊತ್ತ ಎಮ್ಮೆಗೊಂದು ಗ್ರಾಫಿಕ್ಸ್ ಕಾರ್ಡು

ಆ ಭಾನುವಾರ ಬೆಳಿಗ್ಗೆ ಚಿಂಚವಾಡದ ಅಕ್ಕನ ಮನೆಯ ಪಡಸಾಲೆಯಲ್ಲಿ ನಾವು ನಾಲ್ಕೇ ಜನ. ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ನೆಲದ ಮೇಲೆ ಕೂತ ಭಾವ. ಅವರ ತಲೆಯ ಮೇಲೆ ಟಾರ್ಚು ಹಿಡಿದು ನಿಂತ ಅಕ್ಕ. ಊರಿಗೆ ಹೊರಡುವ ಚೀಲವನ್ನು ಆಗಲೇ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ ಭಾವನ ತಾಯಿ. ಅವರಿಗೆ ನಾನು ಮಾವಶಿ ಅನ್ನುತ್ತೇನೆ. ಇನ್ನು ನಾನು, ಯಾರೂ ಕರೆಯದೆ ಬಂದವಳು. ನಮ್ಮೆಲ್ಲರ ನಡುವೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಕಂಪ್ಯೂಟರು.

ಮಾವಶಿಯ ಬಸ್ಸು ಸಂಜೆಗಿತ್ತು. ಅಷ್ಟರೊಳಗೆ ಎಮ್ಮೆ ಕೆರೆಗೆ ಇಳಿಯಬೇಕಿತ್ತು.

ಈ ಎಮ್ಮೆಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಮಾವಶಿ ಹೊಸ ಸೊಸೆಯಾಗಿ ವಿಜಯಪುರದ ಕಡೆಯ ಹಳ್ಳಿಗೆ ಹೋದ ಹೊಸದರಲ್ಲಿ, ಹಿತ್ತಲಲ್ಲಿ ಒಣಹಾಕಿದ್ದ ಅವರ ಮದುವೆ ಸೀರೆಯನ್ನು ಮನೆಯ ಎಮ್ಮೆ ಕೊಂಬಿಗೆ ಸಿಕ್ಕಿಸಿಕೊಂಡಿತಂತೆ. ಸೀರೆ ಮೈತುಂಬ ಹರಡಿಕೊಂಡಿತಂತೆ. ಎಮ್ಮೆ ಹಾಗೇ ಗತ್ತಿನಿಂದ ಓಣಿಯಲ್ಲಿ ನಡೆದು ಹೋದರೆ, ಕಟ್ಟೆಯ ಮೇಲಿನ ಹಿರಿಯರು ಯಾರೋ ದೊಡ್ಡ ಮನೆತನದ ಹೆಣ್ಣುಮಗಳು ಹೊರಟಾಳೆಂದು ಮಾರಿ ಆ ಕಡೆ ತಿರುಗಿಸಿ ಕೂತರಂತೆ! ಎಮ್ಮೆ ಸೀದಾ ಕೆರೆಗೆ ಇಳಿಯಿತು. ಸೀರೆ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಇದನ್ನು ಕಂಡವರಲ್ಲಿ ಈಗ ಉಳಿದವರು ಮಾವಶಿಯ ನೆಗೆಣ್ಣಿ ಒಬ್ಬರೇ, ಗಂಡನ ಅಣ್ಣನ ಹೆಂಡತಿ. ಆವತ್ತು ಎಮ್ಮೆ ಕಟ್ಟುವ ಪಾಳಿ ಅವರದು. ಅದಕ್ಕೇ ಅವರು ಇಂದಿನವರೆಗೂ ಒಪ್ಪಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಮಾವಶಿ ಈ ಮಾತು ತೆಗೆದರೆ ಸಾಕು, ಆ ಕಡೆಯಿಂದ ಉತ್ತರ ಸಿದ್ಧ: "ಎಂಥಾ ಎಮ್ಮಿ, ಎಂಥಾ ಸೀರಿ? ಕನಸ ಕಂಡಿರಬೇಕ ನೀ." ಕೂತ ಜನ ಎಲ್ಲ ನಗುತ್ತಾರೆ. ಮಾವಶಿ ಊಟ ಬಿಟ್ಟು ಎದ್ದದ್ದೂ ಉಂಟು.

ಭಾವ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ನಡೆದಾಡುವ ಗೊಂಬೆ ಚಿತ್ರ ಮಾಡುವುದನ್ನು ಕಲಿತರು. ಮೊದಲ ಕೆಲಸವೇ ತಾಯಿಯ ಎಮ್ಮೆ. ಓಣಿ ಆಯಿತು, ಹಿರಿಯರ ರುಮಾಲು ಆಯಿತು, ಎಮ್ಮೆಯ ನಡಿಗೆಯಂತೂ ಥೇಟು. ಬಾಕಿ ಉಳಿದದ್ದು ನೀರು. ಒಂದೊಂದು ಅಲೆಯ ಬೆಳಕನ್ನೂ ಲೆಕ್ಕ ಹಾಕಬೇಕಲ್ಲ, ಹಳೆಯ ಯಂತ್ರಕ್ಕೆ ಏದುಸಿರು. ಕೆರೆ ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಅದಕ್ಕೇ ಈ ಹೊಸ ಗ್ರಾಫಿಕ್ಸ್ ಕಾರ್ಡು. ಮಾವಶಿ ಚಿತ್ರವನ್ನು ಫೋನಿನಲ್ಲಿ ತುಂಬಿಕೊಂಡು ಹೋಗಿ ನೆಗೆಣ್ಣಿಯ ಮುಂದೆ ಹಿಡಿಯುವವರಿದ್ದರು.

ಕಾರ್ಡು ಕೂತಿತು. ಭಾವ ಮುಚ್ಚಳ ಹಾಕಿ ಬಟನ್ ಒತ್ತಬೇಕು, ಮಾವಶಿ ಕೈ ಹಿಡಿದರು.

"ಹೊಸಾ ಸಾಮಾನ ಹಂಗ ಚಾಲೂ ಮಾಡಬ್ಯಾಡೋ. ಅರಿಷಿಣ ಕುಂಕುಮ, ನಾಕ ಕಾಳ ಅಕ್ಷತಿ ಬೀಳಲಿ."

"ಅವ್ವಾ, ಒಳಗ ಕಾಳು ಬಿದ್ದರ ಕೆಡತದ."

"ಮುಚ್ಚಿದ ಮ್ಯಾಲ ಹಾಕತೀವಿ, ನಿನ್ನ ಗಂಟೇನ ಹೋತು?"

ಕುಂಕುಮ ಹಚ್ಚಿದ್ದಾಯಿತು. ಅಕ್ಷತೆ ಕೈಗೆ ಬಂದದ್ದೇ ಮೂವರು ಹೆಂಗಸರೂ ಮದುವೆ ಮಂಟಪದಲ್ಲಿ ಎಸೆಯುವ ಹಾಗೆ ದೂರದಿಂದ ಎಸೆದೆವು. ಡಬ್ಬಕ್ಕೆ ಗಾಳಿಯಾಡುವ ತೂತುಗಳಿರುತ್ತವೆ ಎಂಬುದು ನಮಗೇನು ಗೊತ್ತು!

ಪರದೆಯ ಮೇಲೆ ಎಂದಿನಂತೆ ಚಿತ್ರ ಬಂತು. ಆದರೆ ಹೊಸ ಕಾರ್ಡು ಯಂತ್ರಕ್ಕೆ ಕಾಣಿಸಲೇ ಇಲ್ಲ. "ಯಂತ್ರಾ ನಡಸೋ ಲಿನಕ್ಸ್ ನಂದು ಹಳೇದು. ಈ ಕಾರ್ಡ ಹುಟ್ಟೋಕ್ಕಿಂತ ಮೊದಲಿಂದು. ಗುರುತ ಹಿಡೀವಲ್ದು," ಅಂದರು ಭಾವ.

"ಹಂಗಾರ ಗುರುತ ಮಾಡಿ ಕೊಡ್ರಿ," ಅಂದಳು ಅಕ್ಕ.

ಲಿನಕ್ಸನ್ನೇ ಹೊಸ ಆವೃತ್ತಿಗೆ ಏರಿಸುವುದೆಂದಾಯಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. ನಾವು ಚುರುಮುರಿ ಕಲಸಿಕೊಂಡು ಮುಂದೆ ಕೂತೆವು. ನಡುವೆ ಓಟ ನಿಂತಿತು.

"ಇಲ್ಲಿ ಹಳೇದನ್ನ ಇಟ್ಟುಕೋಬೇಕೋ, ಹೊಸಾದು ಹಾಕಬೇಕೋ ಅಂತ ಕೇಳ್ತದ," ಅಂದರು ಭಾವ.

ಅಕ್ಕ ಅವರನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಳೇದನ್ನ ಇಟಗೊಂಡು ನಾ ಪಟ್ಟದ್ದು ಸಾಕು. ಹೊಸಾದ ಹಾಕ್ರಿ."

ಮಾವಶಿಗೆ ನಗುವಿನಲ್ಲಿ ಚುರುಮುರಿ ನೆತ್ತಿಗೇರಿತು.

ಎಲ್ಲ ಮುಗಿದು ಯಂತ್ರ ಮತ್ತೆ ಶುರುವಾಯಿತು. ತಿಟ್ಟಿಂಗ್ ಎಂದು ಎಂದಿನ ರಾಗವೂ ಬಂತು. ಪರದೆ ಮಾತ್ರ ಕಾಡಿಗೆ ಡಬ್ಬಿಯ ಹಾಗೆ ಕಪ್ಪು. ಆರಿಸಿ ಹಚ್ಚಿದರು. ರಾಗ ಬಂತು, ಬೆಳಕಿಲ್ಲ. ಮತ್ತೆ ಆರಿಸಿ ಹಚ್ಚಿದರು. ಅದೇ.

"ದನಿ ಬರ್ತದ, ಮಾರಿ ತೋರಸವಲ್ದು," ಅಂದರು ಮಾವಶಿ. "ಹೊಸಾ ಸೊಸಿ ಇದ್ದಂಗ ಅದ."

ಭಾವನಿಗೆ ನಗು ಬರಲಿಲ್ಲ. ಎಮ್ಮೆ, ಓಣಿ, ಹಿರಿಯರು ಎಲ್ಲ ಆ ಡಬ್ಬದೊಳಗೇ ಉಳಿದಿದ್ದರು. "ಅಕ್ಷತಿ," ಅಂದರು ಹಲ್ಲು ಕಚ್ಚಿ. ವಾಯರುಗಳನ್ನೆಲ್ಲ ಕಿತ್ತು, ಡಬ್ಬ ಬಿಚ್ಚಿ, ಗಂಡ ಹೆಂಡತಿ ಎರಡೂ ಕಡೆ ಹಿಡಿದು ಬೋರಲು ಮಾಡಿ, ಅಕ್ಕಿ ಕೇರುವ ಹಾಗೆ ಅಲ್ಲಾಡಿಸಿದರು. ಟಣ್ಣೆಂದು ಒಂದು ಕಾಳು ಬಿತ್ತು! ನಾವು ಚಪ್ಪಾಳೆ ತಟ್ಟಿದೆವು. ಹಿಂದಿದ್ದ ಜಾಗಕ್ಕೇ ಎಲ್ಲ ಜೋಡಿಸಿ ಹಚ್ಚಿದರೆ ತಿಟ್ಟಿಂಗ್, ಮತ್ತೆ ಕಪ್ಪು.

ಮಾವಶಿ ಚೀಲದ ಹಿಡಿಕೆ ತಿರುವುತ್ತ ಮೆಲ್ಲಗೆ ಅಂದರು, "ಇರಲಿ ಬಿಡೋ ತಮ್ಮಾ. ಇಷ್ಟ ವರ್ಷ ನಕ್ಕಾರ. ಇನ್ನೊಮ್ಮೆ ನಗಲಿ."

ಅದನ್ನು ಕೇಳಿ ಭಾವನ ಮುಖ ಸಣ್ಣದಾಯಿತು. ಅಲ್ಲಿ ಕೂರಲಾಗದೆ ನಾನು ಕೆಲಸವೊಂದನ್ನು ಹುಡುಕಿಕೊಂಡೆ. ಅಕ್ಷತೆಯನ್ನು ಕಾಲಲ್ಲಿ ತುಳಿಯಬಾರದಲ್ಲ, ಮೇಜಿನ ಹಿಂದೆ ಬಿದ್ದ ಕಾಳು ಆರಿಸಲು ಅಂಬೆಗಾಲಿಟ್ಟು ಒಳಗೆ ಹೊಕ್ಕೆ. ಕಣ್ಣೆದುರಿಗೇ ಕಂಪ್ಯೂಟರಿನ ಬೆನ್ನು. ಪರದೆಯ ವಾಯರು ಮೇಲಿನ ಹಳೆಯ ತೂತಿನಲ್ಲಿತ್ತು. ಕೆಳಗೆ ಹೊಸ ಕಾರ್ಡಿನ ತೂತುಗಳು ಸಾಲಾಗಿ, ಅಂಗಡಿಯಿಂದ ಬಂದಾಗಿನ ರಬ್ಬರ್ ಟೊಪ್ಪಿಗೆ ಹಾಕಿಕೊಂಡೇ ಕೂತಿದ್ದವು.

"ಭಾವಾ, ಪರದೆ ವಾಯರ ಈ ಹೊಸಾದಕ್ಕ ಹಚ್ಚೋ ಪಾಳಿ ಯಾರದಿತ್ತು?"

ಮೇಲೆ ಭಾವ ಹಣೆ ಬಡಿದುಕೊಂಡ ಸದ್ದು.

ಹೊಸ ಲಿನಕ್ಸು ಹೊಸ ಕಾರ್ಡನ್ನು ಗುರುತು ಹಿಡಿದು ಚಿತ್ರವನ್ನೆಲ್ಲ ಅದರ ಕಡೆಗೇ ಕಳಿಸುತ್ತಿತ್ತು. ನಾವು ಹಳೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದೆವು. ಟೊಪ್ಪಿಗೆ ಕಿತ್ತು ವಾಯರು ಚುಚ್ಚಿದೆ. ಪಡಸಾಲೆಯಲ್ಲಿ ಎಂಥ ಕೂಗು ಎದ್ದಿತೆಂದರೆ ನಾನು ಅವಸರದಲ್ಲಿ ಏಳಲು ಹೋಗಿ ಮೇಜಿಗೆ ತಲೆ ಜಪ್ಪಿಸಿಕೊಂಡೆ.

ಎದುರಿಗೆ ಬಂದು ನೋಡುವಷ್ಟರಲ್ಲಿ ಭಾವ ಕೆರೆಯ ಕೆಲಸ ಹಚ್ಚಿಯಾಗಿತ್ತು. ಊಟ ಮಾಡಿ ಕೈ ತೊಳೆದು ಬಂದರೆ ನೀರು ನೀರಾಗಿ ಹರಿಯುತ್ತಿತ್ತು. ಎಮ್ಮೆ ಇಳಿಯಿತು. ಅಲೆಗಳು ದಂಡೆಗೆ ಬಂದು ಬಡಿದವು. ಸೀರೆ ಕೊಂಬಿನಿಂದ ಬಿಡಿಸಿಕೊಂಡು ಮೆಲ್ಲಗೆ ತೇಲಿತು. ಮಾವಶಿಯ ಮಡಿಲಿನ ಚೀಲ ನೆಲಕ್ಕೆ ಬಿತ್ತು. ಎದ್ದು ನಿಂತು ಪರದೆಗೆ ಕೈ ಚಾಚಿ ಕೂಗಿದರು, "ಹಿಡೀರೋ! ಸೀರಿ ಹೊಂಟ್ತು, ಯಾರರೆ ಹಿಡೀರೋ!"

ನಾವು ನಕ್ಕೆವು. ಅವರೂ ನಕ್ಕರು. ಭಾವ ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಚಿತ್ರವನ್ನು ಮಾವಶಿಯ ಫೋನಿಗೆ ಹಾಕಿಕೊಟ್ಟು ಬಸ್ಸು ಹತ್ತಿಸಿ ಬಂದೆವು.

ಮರುದಿನ ಮಧ್ಯಾಹ್ನ ಮಾವಶಿಯ ಫೋನು ಬಂತು. ನೆಗೆಣ್ಣಿ ಚಿತ್ರವನ್ನು ಒಮ್ಮೆ ನೋಡಿದರಂತೆ, ಇನ್ನೊಮ್ಮೆ ತೋರಿಸು ಅಂದರಂತೆ. ಆಮೇಲೆ ಫೋನು ತಿರುಗಿ ಕೊಟ್ಟು, "ನಿನ್ನ ಮಗ ಕೆಂಪ ಮಾಡ್ಯಾನ. ಆವತ್ತು ಎಮ್ಮಿ ಒಯ್ದದ್ದು ಹಸರ ಸೀರಿ," ಅಂದರಂತೆ.